ಇಮ್ಯುನೊಥೆರಪಿಯ ಅಪರೂಪದ ಅಡ್ಡಪರಿಣಾಮಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕ್ಯಾನ್ಸರ್ ಆಸ್ಪತ್ರೆಯೊಂದರ ಡೇ ಕೇರ್ ವಾರ್ಡಿನಲ್ಲಿ ಡ್ರಿಪ್ ಹಾಕುವ ದಾದಿ. ಔಷಧಿ ಹನಿಹನಿಯಾಗಿ ಇಳಿಯುವ ಅರ್ಧ ಗಂಟೆಯಲ್ಲಿ ರೋಗಿಗಳೂ ಅವರ ಜೊತೆ ಬಂದವರೂ ನನ್ನನ್ನು ಬಹಳ ಕೇಳುತ್ತಾರೆ. ವೈದ್ಯರ ಮುಂದೆ ಬಾಯಿಗೆ ಬಾರದ ಪ್ರಶ್ನೆಗಳೆಲ್ಲ ಅಲ್ಲಿ ಹೊರಗೆ ಬರುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಬಂದವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಇದನ್ನು ಓದಿ ಯಾರೂ ಮನೆಯಲ್ಲೇ ಚಿಕಿತ್ಸೆ ಮಾಡಿಕೊಳ್ಳಬಾರದು. ಒಂದು ದಿನ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿದರೆ ನಾನು ಬರೆದದ್ದು ಸಾರ್ಥಕ.

ಇಮ್ಯುನೊಥೆರಪಿ ಎಂದರೆ ಕೀಮೋದ ಇನ್ನೊಂದು ಹೆಸರೇ?

ಅಲ್ಲ. ಕೀಮೋ ಔಷಧಿ ತಾನೇ ಹೋಗಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಇಮ್ಯುನೊಥೆರಪಿ ಆ ಕೆಲಸವನ್ನು ನಮ್ಮ ದೇಹವನ್ನು ಕಾಯುವ ಬಿಳಿ ರಕ್ತಕಣಗಳಾದ ಟಿ ಕೋಶಗಳಿಂದ ಮಾಡಿಸುತ್ತದೆ. ಟಿ ಕೋಶಗಳು ಎತ್ತುಗಳಿದ್ದಂತೆ. ಬಲವಿದೆ, ಆದರೆ ಅಂಕೆ ತಪ್ಪದಿರಲು ಮೂಗುದಾರ ಬೇಕು. ಸಿಟಿಎಲ್‌ಎ-4 ಮತ್ತು ಪಿಡಿ-1 ಎಂಬ ಪ್ರೋಟೀನುಗಳು ಅಂಥ ಮೂಗುದಾರಗಳು. ಕ್ಯಾನ್ಸರ್ ಗಡ್ಡೆ ಇವುಗಳನ್ನು ಹಿಡಿದು ಜಗ್ಗಿ ಟಿ ಕೋಶಗಳನ್ನು ನಿಲ್ಲಿಸಿಬಿಡುತ್ತದೆ. ಔಷಧಿಯು ಗಡ್ಡೆಯ ಹಿಡಿತವನ್ನು ಬಿಡಿಸುತ್ತದೆ. ಇದನ್ನು ಕಂಡುಕೊಂಡದ್ದಕ್ಕಾಗಿ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ವೈದ್ಯಕೀಯ ನೊಬೆಲ್ ಬಂತು.

ಬಿಚ್ಚಿದ ಎತ್ತು ಕಳೆಯನ್ನಷ್ಟೇ ಮೇಯುತ್ತದೆ, ಪೈರನ್ನು ಮುಟ್ಟುವುದಿಲ್ಲ ಎಂದು ಯಾರೂ ಮಾತು ಕೊಡಲಾರರು. ಟಿ ಕೋಶಗಳು ದೇಹದ ಆರೋಗ್ಯವಂತ ಅಂಗಗಳ ಮೇಲೂ ಬೀಳಬಹುದು. ಇಮ್ಯುನೊಥೆರಪಿಯ ಅಡ್ಡಪರಿಣಾಮಗಳ ಮೂಲ ಇದು. ಕೀಮೋದಲ್ಲಿ ಕೂದಲು ಉದುರುತ್ತದೆ, ವಾಂತಿಯಾಗುತ್ತದೆ, ಬಿಳಿ ರಕ್ತಕಣ ಇಳಿಯುತ್ತದೆ ಎಂದು ಎಲ್ಲರಿಗೂ ಗೊತ್ತಿದೆ. ಇಲ್ಲಿ ಹಾಗಲ್ಲ, ತಲೆಯಿಂದ ಕಾಲಿನವರೆಗೆ ಯಾವ ಅಂಗವಾದರೂ ಊದಿಕೊಳ್ಳಬಹುದು.

ನಮಗೆ ಕೊಡುತ್ತಿರುವುದು ಆ ಬಗೆಯ ಔಷಧಿಯೇ ಎಂದು ತಿಳಿಯುವುದು ಹೇಗೆ?

ಹೆಸರು ಕೇಳಿ ಬರೆದುಕೊಳ್ಳಿ. ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್, ಅಟೆಜೊಲಿಜುಮ್ಯಾಬ್, ಡುರ್ವಾಲುಮ್ಯಾಬ್ ಇವು ಪಿಡಿ-1 ದಾರಿಯಲ್ಲಿ ಕೆಲಸ ಮಾಡುತ್ತವೆ. ಇಪಿಲಿಮುಮ್ಯಾಬ್ ಸಿಟಿಎಲ್‌ಎ-4 ಅನ್ನು ತಡೆಯುತ್ತದೆ. ಈ ಗುಂಪಿನಲ್ಲಿ ಮೊದಲು, 2011ರಲ್ಲಿ, ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ಅದು. ಹೆಸರು ‘ಮ್ಯಾಬ್’ ಎಂದು ಕೊನೆಗೊಂಡರೆ ಸಾಕು, ಇದೇ ಗುಂಪು ಎಂದುಕೊಳ್ಳಬೇಡಿ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್, ಲಿಂಫೋಮಾ ಎಂಬ ರಕ್ತದ ಕ್ಯಾನ್ಸರಿಗೆ ಕೊಡುವ ರಿಟುಕ್ಸಿಮ್ಯಾಬ್ ಬೇರೆ ಜಾತಿಯವು. ಇಲ್ಲಿ ಹೇಳುವ ತೊಂದರೆಗಳು ಅವುಗಳಿಗೆ ಅನ್ವಯಿಸುವುದಿಲ್ಲ.

‘ಅಪರೂಪ’ ಎಂದು ವೈದ್ಯರು ಹೇಳುತ್ತಾರೆ. ಹಾಗಾದರೆ ತಲೆ ಕೆಡಿಸಿಕೊಳ್ಳುವುದೇಕೆ?

ತುರಿಕೆ, ಚರ್ಮದ ಮೇಲೆ ಗುಳ್ಳೆ, ಭೇದಿ, ಥೈರಾಯ್ಡ್ ಏರುಪೇರು ಇವು ಸಾಮಾನ್ಯ. ಇವುಗಳನ್ನು ಪ್ರತಿ ಭೇಟಿಯಲ್ಲೂ ವಿಚಾರಿಸುತ್ತಾರೆ, ರಕ್ತಪರೀಕ್ಷೆಯಲ್ಲಿ ನೋಡುತ್ತಾರೆ. ಅಪರೂಪದವು ನೂರಕ್ಕೆ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ ಮಂದಿಗೆ ಬರುವಂಥವು. ಜಗತ್ತಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಒಂದು ವಿಶ್ಲೇಷಣೆಯಲ್ಲಿ, ಪಿಡಿ-1 ಔಷಧಿಯೊಂದನ್ನೇ ಪಡೆದವರಲ್ಲಿ ಅಡ್ಡಪರಿಣಾಮದಿಂದ ಸತ್ತವರು ಶೇ 0.36. ಇಪಿಲಿಮುಮ್ಯಾಬ್ ಜೊತೆ ಸೇರಿಸಿ ಎರಡು ಔಷಧಿ ಪಡೆದವರಲ್ಲಿ ಶೇ 1.23. ಇವು ಸಣ್ಣ ಸಂಖ್ಯೆಗಳು. ಆ ಭಯದಿಂದ ಚಿಕಿತ್ಸೆಯನ್ನೇ ಬೇಡವೆನ್ನುವುದು ತಪ್ಪು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಆದರೆ ಅಪರೂಪವಾದುದಕ್ಕೆ ಇನ್ನೊಂದು ಮುಖವಿದೆ. ನಿಮ್ಮ ಊರಿನ ವೈದ್ಯರು ಅದನ್ನು ಒಮ್ಮೆಯೂ ಕಂಡಿರದೆ ಇರಬಹುದು. ಔಷಧಿ ಬೆಂಗಳೂರಿನಲ್ಲಿ, ತೊಂದರೆ ಶುರುವಾಗುವುದು ಹತ್ತು ದಿನದ ನಂತರ ಊರಿನಲ್ಲಿ, ಅದೂ ರಾತ್ರಿ. ಹತ್ತಿರದ ಆಸ್ಪತ್ರೆಗೆ ಹೋಗಿ ‘ಕ್ಯಾನ್ಸರಿಗೆ ಡ್ರಿಪ್ ಹಾಕಿಸಿದ್ದೇವೆ’ ಎಂದಷ್ಟೇ ಹೇಳಿದರೆ ಅವರು ಕೀಮೋ ಎಂದುಕೊಳ್ಳುತ್ತಾರೆ, ಕೀಮೋದ ತೊಂದರೆಗಳನ್ನೇ ಹುಡುಕುತ್ತಾರೆ. ಫೈಲು ಬೆಂಗಳೂರಿನ ಮಗನ ಮನೆಯಲ್ಲಿ ಉಳಿದಿರುತ್ತದೆ. ನಾನು ಕಂಡ ಕೆಟ್ಟ ಪ್ರಸಂಗಗಳಲ್ಲಿ ಹೆಚ್ಚಿನವು ಹೀಗೆಯೇ ಆದವು. ಯಾರದೂ ದುರುದ್ದೇಶವಿರಲಿಲ್ಲ, ಹೇಳಬೇಕಾದ ಒಂದು ಹೆಸರನ್ನು ಯಾರೂ ಹೇಳಲಿಲ್ಲ.

ಹೃದಯಕ್ಕೂ ತೊಂದರೆಯಾಗಬಹುದು ಎಂದರು. ಅದು ಹೃದಯಾಘಾತವೇ?

ಇಷ್ಟು ಪ್ರಶ್ನೆಗಳಲ್ಲಿ ಒಂದನ್ನಷ್ಟೇ ಓದಲು ಪುರುಸೊತ್ತಿದ್ದರೆ ಇದನ್ನು ಓದಿ.

ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ. ಇಲ್ಲಿ ರಕ್ತನಾಳ ಸರಿಯಾಗಿಯೇ ಇರುತ್ತದೆ. ಟಿ ಕೋಶಗಳು ಹೃದಯದ ಸ್ನಾಯುವಿಗೆ ನುಗ್ಗಿ ಉರಿಯೂತ ಉಂಟುಮಾಡುತ್ತವೆ. ಇದಕ್ಕೆ ಮಯೋಕಾರ್ಡೈಟಿಸ್ ಎನ್ನುತ್ತಾರೆ. ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ ಮಂದಿಗೆ ಬರುತ್ತದೆ. ಎರಡು ಔಷಧಿ ಜೊತೆಯಾಗಿ ಪಡೆದವರಿಗೆ ಸ್ವಲ್ಪ ಹೆಚ್ಚು. ಮೇಲೆ ಹೇಳಿದ 2018ರ ವಿಶ್ಲೇಷಣೆಯಲ್ಲಿ ಮಯೋಕಾರ್ಡೈಟಿಸ್ ಆದ 131 ಜನರಲ್ಲಿ 52 ಮಂದಿ ಬದುಕಲಿಲ್ಲ. ಇಮ್ಯುನೊಥೆರಪಿಯ ಅಡ್ಡಪರಿಣಾಮಗಳಲ್ಲಿ ಇಷ್ಟು ಮಾರಕವಾದುದು ಇನ್ನೊಂದಿಲ್ಲ.

ಇದರ ಸುಳಿವು ಔಷಧಿ ಬರುವ ಮೊದಲೇ ಸಿಕ್ಕಿತ್ತು. ಪಿಡಿ-1 ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಒಂದು ತಳಿಯವಕ್ಕೆ ಹೃದಯ ಊದಿಕೊಂಡು ಸೋಲುವುದನ್ನು ಹೊಂಜೊ ಅವರ ಬಳಗವೇ 2001ರಲ್ಲಿ ವರದಿ ಮಾಡಿತ್ತು. ಅಂದರೆ ನಮ್ಮ ಹೃದಯವನ್ನು ನಮ್ಮದೇ ಟಿ ಕೋಶಗಳಿಂದ ಕಾಯುವ ಕೆಲಸವನ್ನೂ ಈ ಮೂಗುದಾರ ಮಾಡುತ್ತಿರುತ್ತದೆ.

ಇದು ಸಾಮಾನ್ಯವಾಗಿ ಬೇಗ ಬರುತ್ತದೆ, ಬಹಳ ಮಂದಿಗೆ ಮೊದಲ ಮೂರು ತಿಂಗಳೊಳಗೆ. ಒಂದೇ ಡ್ರಿಪ್ ಆದ ಮೇಲೂ ಬಂದದ್ದಿದೆ. ಎದೆ ಹಿಡಿದಂತಾಗುವುದು, ಮೆಟ್ಟಿಲು ಹತ್ತುವಾಗ ಹಿಂದೆಂದೂ ಇಲ್ಲದ ಏದುಸಿರು, ಎದೆ ಬಡಿತ ತಪ್ಪಿದಂತಾಗುವುದು, ಕಣ್ಣು ಕತ್ತಲೆ ಬರುವುದು, ಕಾಲು ಊದುವುದು ಇವು ಲಕ್ಷಣಗಳು. ಕೆಲವರಿಗೆ ಬರಿಯ ಸುಸ್ತು. ಕ್ಯಾನ್ಸರ್ ರೋಗಿಗೆ ಸುಸ್ತು ಇರುವುದು ಸಹಜ ಎಂದು ಮನೆಯವರು ಸುಮ್ಮನಾಗುತ್ತಾರೆ. ಒಂದು ವಾರದ ಹಿಂದೆ ತಾನೇ ನಡೆದು ಅಂಗಡಿಗೆ ಹೋಗುತ್ತಿದ್ದವರು ಈಗ ಬಚ್ಚಲಿಗೆ ಹೋಗಲೂ ನಡುವೆ ಕುಳಿತು ಏಳಬೇಕಾಗಿದ್ದರೆ ಅದು ಸಹಜ ಸುಸ್ತಲ್ಲ.

ಆಸ್ಪತ್ರೆಯಲ್ಲಿ ಇಸಿಜಿ ಮತ್ತು ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೊಪೊನಿನ್ ರಕ್ತಪರೀಕ್ಷೆ ಎರಡೂ ಆಗಲೇಬೇಕು. ಎಕೋ (ಹೃದಯದ ಸ್ಕ್ಯಾನ್) ಸರಿಯಾಗಿದೆ ಎಂಬ ಒಂದೇ ಕಾರಣಕ್ಕೆ ಮನೆಗೆ ಮರಳಬೇಡಿ. ಹೃದಯದ ಪಂಪ್ ಶಕ್ತಿ ಸರಿಯಿದ್ದಾಗಲೂ ಲಯ ಕೆಟ್ಟು ಅಪಾಯವಾಗಬಹುದು. ಟ್ರೊಪೊನಿನ್ ಹೆಚ್ಚಿದೆ, ಆಂಜಿಯೋಗ್ರಾಂನಲ್ಲಿ ಏನೂ ಕಾಣಲಿಲ್ಲ ಎಂದು ಹೇಳಿದರೆ, ಇಮ್ಯುನೊಥೆರಪಿ ಪಡೆದವರ ವಿಷಯದಲ್ಲಿ ಅದು ನೆಮ್ಮದಿಯ ಸುದ್ದಿಯಲ್ಲ, ಎಚ್ಚರಿಕೆಯ ಸುದ್ದಿ. ಚಿಕಿತ್ಸೆ ಎಂದರೆ ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ, ಉರಿಯೂತ ತಣಿಸುವ ಸ್ಟೆರಾಯ್ಡನ್ನು ದಿನಕ್ಕೆ 1 ಗ್ರಾಂವರೆಗೆ ರಕ್ತನಾಳಕ್ಕೆ ಕೊಡುವುದು. ಆಸ್ಪತ್ರೆಗೆ ಸೇರಿದ ಮೊದಲ ದಿನವೇ ಇದನ್ನು ಶುರುಮಾಡಿದವರ ಸ್ಥಿತಿ ತಡವಾಗಿ ಶುರುಮಾಡಿದವರಿಗಿಂತ ಚೆನ್ನಾಗಿತ್ತು ಎಂದು ಅಧ್ಯಯನಗಳು ತೋರಿಸಿವೆ. ಸ್ಟೆರಾಯ್ಡಿಗೆ ಬಗ್ಗದಿದ್ದರೆ ಟಿ ಕೋಶಗಳನ್ನು ಅಂಕೆಗೆ ತರುವ ಅಬಟಸೆಪ್ಟ್‌ನಂಥ ಔಷಧಿಗಳನ್ನು ಬಳಸುತ್ತಾರೆ.

ಅಪ್ಪನ ಒಂದು ಕಣ್ಣಿನ ರೆಪ್ಪೆ ಜೋಲುತ್ತಿದೆ. ನಿದ್ದೆಗೆಟ್ಟಿದ್ದಕ್ಕೆ ಇರಬಹುದೇ?

ಇರಬಹುದು ಎಂದುಕೊಂಡು ಕಾಯಬೇಡಿ. ಮಲೆನಾಡಿನ ಕಡೆಯ ಒಬ್ಬ ಹಿರಿಯರ ಮನೆಯವರು ಎರಡನೇ ಡ್ರಿಪ್ ಆದ ಮೇಲೆ ಇದನ್ನು ನೋಡಿ, ಕಣ್ಣು ಮಂಜಾಗಿದೆ ಎಂದು ಕನ್ನಡಕ ಬದಲಿಸಲು ಕರೆದುಕೊಂಡು ಹೋಗಿದ್ದರು. ಮೂರನೆಯ ದಿನಕ್ಕೆ ಅವರಿಗೆ ಗಂಜಿಯೂ ಗಂಟಲಲ್ಲಿ ಇಳಿಯಲಿಲ್ಲ. ಆಮೇಲೆ ತೀವ್ರ ನಿಗಾ ಘಟಕದಲ್ಲಿ ಎರಡು ವಾರ ಕಳೆದು ಮನೆಗೆ ಹೋದರು. ಆ ಮೂರು ದಿನ ಮೊದಲೇ ಬಂದಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲವೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ.

ನರದಿಂದ ಸ್ನಾಯುವಿಗೆ ಸಂದೇಶ ದಾಟುವ ಜಾಗದ ಮೇಲೆ ದಾಳಿಯಾದಾಗ ಮಯಸ್ತೇನಿಯಾ ಗ್ರೇವಿಸ್ ಬರುತ್ತದೆ. ರೆಪ್ಪೆ ಜೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಾತು ಮೂಗಿನಿಂದ ಬಂದಂತಾಗುವುದು, ನುಂಗಲು ಕಷ್ಟ, ತಲೆ ಎತ್ತಿ ಹಿಡಿಯಲು ಆಗದಿರುವುದು ಅದರ ಗುರುತುಗಳು. ಬೆಳಿಗ್ಗೆ ಪರವಾಗಿಲ್ಲ, ಸಂಜೆಗೆ ಹೆಚ್ಚು ಎಂಬುದು ಇನ್ನೊಂದು ಗುರುತು. ಉಸಿರಾಟದ ಸ್ನಾಯುಗಳಿಗೆ ಹರಡಿದರೆ ಪ್ರಾಣಾಪಾಯ.

ಇದರ ಜೊತೆಗೆ ಸ್ನಾಯುಗಳ ಉರಿಯೂತವೂ ಹೃದಯದ ಉರಿಯೂತವೂ ಒಟ್ಟಿಗೆ ಬರುವುದುಂಟು. ಆದ್ದರಿಂದ ಮೂರರಲ್ಲಿ ಒಂದು ಕಂಡರೆ ಉಳಿದೆರಡನ್ನೂ ಹುಡುಕಬೇಕು: ಸ್ನಾಯುಗಳಿಗೆ ಪೆಟ್ಟಾದುದನ್ನು ತೋರಿಸುವ ಸಿಪಿಕೆ ರಕ್ತಪರೀಕ್ಷೆ, ಟ್ರೊಪೊನಿನ್, ಇಸಿಜಿ. ರೆಪ್ಪೆ ಜೋತುಬಿದ್ದವರಿಗೆ ಇಸಿಜಿ ಏಕೆ ಎಂದು ಮನೆಯವರು ಬೆರಗಾಗುತ್ತಾರೆ, ಕಾರಣ ಇದು. ಚಿಕಿತ್ಸೆಯಲ್ಲಿ ಸ್ಟೆರಾಯ್ಡಿನ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಅಥವಾ ಪ್ಲಾಸ್ಮಾ ಬದಲಾವಣೆ ಸೇರುತ್ತದೆ. ಸ್ಟೆರಾಯ್ಡ್ ಶುರುವಾದ ಮೊದಲ ದಿನಗಳಲ್ಲಿ ನಿಶ್ಶಕ್ತಿ ಹೆಚ್ಚಾಗಬಹುದಾದ್ದರಿಂದ ಇದನ್ನು ಆಸ್ಪತ್ರೆಯಲ್ಲಿಟ್ಟುಕೊಂಡೇ ಮಾಡುತ್ತಾರೆ. ಅಮಿಕಾಸಿನ್, ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಅಜಿತ್ರೊಮೈಸಿನ್‌ನಂಥ ಸಾಮಾನ್ಯ ಆ್ಯಂಟಿಬಯೋಟಿಕ್‌ಗಳು ಮಯಸ್ತೇನಿಯಾವನ್ನು ಉಲ್ಬಣಿಸಬಲ್ಲವು. ಜ್ವರವೆಂದು ಔಷಧಿ ಅಂಗಡಿಯಿಂದ ನೀವೇ ತಂದು ನುಂಗಬೇಡಿ.

ನರ, ಮಿದುಳಿಗೂ ಆಗಬಹುದೇ?

ಆಗಬಹುದು, ಇನ್ನೂ ವಿರಳವಾಗಿ. ಕಾಲಿನಿಂದ ಮೇಲಕ್ಕೆ ಏರುವ ಜೋಮು ಮತ್ತು ನಿಶ್ಶಕ್ತಿ ಗಿಲಾನ್ ಬರೆ ಎಂಬ ನರಗಳ ಕಾಯಿಲೆಯ ರೂಪವಿರಬಹುದು. ಜ್ವರದ ಜೊತೆ ಗೊಂದಲ, ಅಸಂಬದ್ಧ ಮಾತು, ಫಿಟ್ಸ್ ಬಂದರೆ ಮಿದುಳಿನ ಉರಿಯೂತವಿರಬಹುದು. ಸೋಂಕು ಅಲ್ಲ, ಮಿದುಳಿಗೆ ಕ್ಯಾನ್ಸರ್ ಹರಡಿಲ್ಲ ಎಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಮತ್ತು ಬೆನ್ನುನೀರಿನ ಪರೀಕ್ಷೆ ಬೇಕಾಗುತ್ತದೆ. ಬೆನ್ನಿಗೆ ಸೂಜಿ ಎಂದ ತಕ್ಷಣ ಸಹಿ ಹಾಕಲು ಹಿಂಜರಿದು ಒಂದು ಇಡೀ ದಿನ ಕಳೆದವರನ್ನು ನೋಡಿದ್ದೇನೆ. ಹೆದರಬೇಡಿ, ಮಾಡಿಸಿ.

ಅಮ್ಮನಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಒಮ್ಮೆಗೇ 500 ಹೇಗಾಯಿತು?

ಟಿ ಕೋಶಗಳು ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡಿದರೆ ಹೀಗಾಗುತ್ತದೆ. ಮಕ್ಕಳಿಗೆ ಬರುವ ಟೈಪ್ 1 ಮಧುಮೇಹದಂತೆಯೇ, ಆದರೆ ಅರವತ್ತರ ವಯಸ್ಸಿನಲ್ಲಿ, ಕೆಲವೇ ದಿನಗಳಲ್ಲಿ. ನೂರರಲ್ಲಿ ಒಬ್ಬರಿಗಿಂತ ಹೆಚ್ಚಿಗೆ ಬರುವುದಿಲ್ಲ. ವಿಪರೀತ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಹೊಟ್ಟೆನೋವು, ವಾಂತಿ, ಆಳವಾದ ವೇಗದ ಉಸಿರು, ಮಂಪರು ಬಂದರೆ ತುರ್ತು ವಿಭಾಗಕ್ಕೆ ಹೋಗಬೇಕು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಇದು ಪತ್ತೆಯಾಗುವುದೇ ರಕ್ತದಲ್ಲಿ ಆಮ್ಲ ಏರಿದ ಕೀಟೋಅಸಿಡೋಸಿಸ್ ಸ್ಥಿತಿಯಲ್ಲಿ.

ಇಲ್ಲಿ ಆಗುವ ತಪ್ಪನ್ನು ಹೇಳಲೇಬೇಕು. ಈ ವಯಸ್ಸಿನಲ್ಲಿ ಸಕ್ಕರೆ ಹೆಚ್ಚಾದರೆ ಯಾವ ವೈದ್ಯರೂ ಮೊದಲು ಟೈಪ್ 2 ಎಂದೇ ಭಾವಿಸಿ ಮಾತ್ರೆ ಬರೆಯುತ್ತಾರೆ. ಈ ಸಕ್ಕರೆಗೆ ಮಾತ್ರೆ ಸಾಲದು, ಇನ್ಸುಲಿನ್ ಬೇಕು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಅಷ್ಟೇನೂ ಏರಿರುವುದಿಲ್ಲ, ಏಕೆಂದರೆ ಕಾಯಿಲೆ ಬಂದದ್ದೇ ಕಳೆದ ವಾರ. ಉಳಿದ ಅಡ್ಡಪರಿಣಾಮಗಳಿಗೆ ಮದ್ದಾಗುವ ಸ್ಟೆರಾಯ್ಡ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ. ಸತ್ತ ಕೋಶಗಳು ಮರಳುವುದಿಲ್ಲವಾದ್ದರಿಂದ ಇನ್ಸುಲಿನ್ ಜೀವನಪೂರ್ತಿ. ಸಕ್ಕರೆ ಹತೋಟಿಗೆ ಬಂದ ಮೇಲೆ ಇಮ್ಯುನೊಥೆರಪಿಯನ್ನು ಮುಂದುವರಿಸಬಹುದು.

ಸುಸ್ತು, ತಲೆನೋವು, ಊಟ ಸೇರುವುದಿಲ್ಲ. ಇದಕ್ಕೂ ಔಷಧಿಯೇ ಕಾರಣವೇ?

ಮಿದುಳಿನ ಕೆಳಗೆ ಕಡಲೆಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿಯಿದೆ. ಅದು ಊದಿಕೊಂಡರೆ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಗೆ ಹೋಗುವ ಆಜ್ಞೆ ನಿಲ್ಲುತ್ತದೆ, ದೇಹದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಬತ್ತುತ್ತದೆ. ಇಪಿಲಿಮುಮ್ಯಾಬ್ ಪಡೆದವರಲ್ಲಿ ಇದು ಹೆಚ್ಚು, ಸಾಮಾನ್ಯವಾಗಿ ತಲೆನೋವಿನೊಂದಿಗೆ ಬರುತ್ತದೆ. ಪಿಡಿ-1 ಔಷಧಿಗಳಲ್ಲಿ ತಲೆನೋವಿಲ್ಲದೆ, ಎಂಆರ್‌ಐನಲ್ಲೂ ಏನೂ ಕಾಣದೆ, ತಿಂಗಳುಗಟ್ಟಲೆ ಕಳೆದ ಮೇಲೆ ಕಳ್ಳಹೆಜ್ಜೆ ಇಟ್ಟು ಬರುತ್ತದೆ. ಎದ್ದು ನಿಂತರೆ ತಲೆಸುತ್ತು, ರಕ್ತದೊತ್ತಡ ಕಡಿಮೆ, ಸೋಡಿಯಂ ಕಡಿಮೆ, ತೂಕ ಇಳಿಕೆ. ‘ಸೋಡಿಯಂ ಕಡಿಮೆಯಾಗಿದೆ, ಉಪ್ಪು ಹೆಚ್ಚು ತಿನ್ನಿ’ ಎಂಬಲ್ಲಿಗೆ ಮಾತು ಮುಗಿಯಬಾರದು. ಬೆಳಿಗ್ಗೆ 8 ಗಂಟೆಯ ಸುಮಾರಿಗೆ ಕಾರ್ಟಿಸೋಲ್ ಪರೀಕ್ಷೆ ಮಾಡಿಸುವಂತೆ ನೀವೇ ಕೇಳಿ.

ಚಿಕಿತ್ಸೆ ಸರಳ: ಹೈಡ್ರೊಕಾರ್ಟಿಸೋನ್ ಮಾತ್ರೆ, ಆದರೆ ಸಾಮಾನ್ಯವಾಗಿ ಬದುಕಿರುವಷ್ಟು ಕಾಲ. ಜ್ವರ ಬಂದರೆ ವೈದ್ಯರು ಹೇಳಿಕೊಟ್ಟಂತೆ ಪ್ರಮಾಣವನ್ನು ಎರಡು-ಮೂರು ಪಟ್ಟು ಮಾಡಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಚುಚ್ಚುಮದ್ದು ಬೇಕು, ಕಾಯುವಂತಿಲ್ಲ. ಥೈರಾಯ್ಡ್ ಕೂಡ ಕಡಿಮೆಯಿದ್ದರೆ ಮೊದಲು ಹೈಡ್ರೊಕಾರ್ಟಿಸೋನ್, ಆಮೇಲೆ ಥೈರಾಯ್ಡ್ ಮಾತ್ರೆ. ಈ ಕ್ರಮ ತಿರುಗಿದರೆ ರೋಗಿ ಕುಸಿಯಬಹುದು. ಸರಿಯಾದ ಮಾತ್ರೆ ಶುರುವಾದ ಎರಡು-ಮೂರು ದಿನಕ್ಕೆ ಹಾಸಿಗೆ ಹಿಡಿದವರು ಎದ್ದು ಕುಳಿತು ಕಾಫಿ ಕೇಳುವುದನ್ನು ನೋಡುವುದು ನನ್ನ ಕೆಲಸದ ದೊಡ್ಡ ಸಂತೋಷಗಳಲ್ಲಿ ಒಂದು.

ಜ್ವರ ಬಂದು ಪ್ಲೇಟ್‌ಲೆಟ್ ಇಳಿದಿದೆ. ಊರಲ್ಲಿ ಡೆಂಗಿ ಇದೆ.

ಡೆಂಗಿಯೇ ಇರಬಹುದು, ಪರೀಕ್ಷೆ ಮಾಡಿಸಿ. ಆದರೆ ಟಿ ಕೋಶಗಳ ದಾಳಿಯಿಂದ ಪ್ಲೇಟ್‌ಲೆಟ್ ಒಂದೇ ಇಳಿಯುವುದು, ಕೆಂಪು ರಕ್ತಕಣ ಒಡೆದು ಕಾಮಾಲೆ ಬರುವುದು, ಅಸ್ಥಿಮಜ್ಜೆಯೇ ಬತ್ತುವುದು ಇವೂ ಆಗಬಹುದು. ಇವುಗಳಲ್ಲಿ ಭಯಂಕರವಾದುದು ರೋಗನಿರೋಧಕ ವ್ಯವಸ್ಥೆ ಅಂಕೆ ತಪ್ಪಿ ಮೈಯೆಲ್ಲ ಉರಿಯೂತವಾಗುವ ಎಚ್‌ಎಲ್‌ಎಚ್ ಎಂಬ ಸ್ಥಿತಿ: ಇಳಿಯದ ಜ್ವರ, ಗುಲ್ಮ ದೊಡ್ಡದಾಗುವುದು, ಮೂರೂ ಬಗೆಯ ರಕ್ತಕಣಗಳ ಇಳಿಕೆ, ರಕ್ತದಲ್ಲಿ ಆಕಾಶಕ್ಕೇರಿದ ಫೆರಿಟಿನ್ ಎಂಬ ಪ್ರೋಟೀನು. ಡೆಂಗಿ ಪರೀಕ್ಷೆಗಳು ನೆಗೆಟಿವ್ ಬಂದು ಜ್ವರ ಮುಂದುವರಿದರೆ ಫೆರಿಟಿನ್ ನೋಡಲು ಕೇಳಿ.

ಕೆಮ್ಮು ಮತ್ತು ಉಬ್ಬಸಕ್ಕೆ ಟಿಬಿ ಎಂದರು. ನಂಬಬೇಕೇ?

ನಮ್ಮ ದೇಶದಲ್ಲಿ ಇದು ನಿಜಕ್ಕೂ ಕಷ್ಟದ ಪ್ರಶ್ನೆ. ಔಷಧಿಯಿಂದ ಶ್ವಾಸಕೋಶದ ಉರಿಯೂತವಾಗುವುದು ಮೇಲಿನವುಗಳಷ್ಟು ಅಪರೂಪವಲ್ಲ, ಜೀವಕ್ಕೂ ಅಪಾಯ. ಪಿಡಿ-1 ಔಷಧಿ ಪಡೆಯುವಾಗ ಒಳಗೆ ಮಲಗಿದ್ದ ಟಿಬಿ ಎದ್ದುಬಂದ ಪ್ರಸಂಗಗಳೂ ವರದಿಯಾಗಿವೆ. ಇನ್ನೊಂದು ವಿಚಿತ್ರವಿದೆ: ಎದೆಯೊಳಗಿನ ಗ್ರಂಥಿಗಳು ಸಾರ್ಕಾಯ್ಡ್ ಎಂಬ ಬಗೆಯಲ್ಲಿ ಊದಿಕೊಂಡು ಸ್ಕ್ಯಾನಿನಲ್ಲಿ ಕ್ಯಾನ್ಸರ್ ಹರಡಿದಂತೆಯೇ ಕಾಣುತ್ತವೆ. ಉರಿಯೂತಕ್ಕೆ ಸ್ಟೆರಾಯ್ಡ್ ಬೇಕು, ಟಿಬಿಗೆ ಬೇರೆಯೇ ಮದ್ದು ಬೇಕು, ಹರಡಿದ್ದರೆ ಚಿಕಿತ್ಸೆಯನ್ನೇ ಬದಲಿಸಬೇಕು. ಊಹೆಯ ಮೇಲೆ ಯಾವುದನ್ನೂ ಶುರುಮಾಡುವಂತಿಲ್ಲ. ಸಿಟಿ ಸ್ಕ್ಯಾನ್, ಕಫದ ಪರೀಕ್ಷೆ, ಬೇಕಾದರೆ ತುಣುಕು ತೆಗೆದು ನೋಡುವುದು ಇವನ್ನೆಲ್ಲ ಮಾಡುವುದು ಅದಕ್ಕೇ. ಸ್ಕ್ಯಾನ್ ವರದಿಯಲ್ಲಿ ‘ಗ್ರಂಥಿ ದೊಡ್ಡದಾಗಿದೆ’ ಎಂಬ ಸಾಲು ಓದಿ ಮನೆಯಲ್ಲಿ ಅಳು ಶುರುವಾಗುವ ಮೊದಲು ವೈದ್ಯರನ್ನು ಕೇಳಿ.

ಕಣ್ಣು, ಚರ್ಮ, ಕಿಡ್ನಿ?

ಕಣ್ಣು ಕೆಂಪಾಗಿ ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗುವುದು ಕಂಡರೆ ಅಂಗಡಿಯ ಡ್ರಾಪ್ಸ್ ಬೇಡ, ಕಣ್ಣಿನ ವೈದ್ಯರ ಬಳಿ ಹೋಗಿ, ಕಣ್ಣೊಳಗಿನ ಉರಿಯೂತವಿರಬಹುದು. ತುರಿಕೆ ಸಾಮಾನ್ಯ, ಆದರೆ ಬಾಯಿ-ಕಣ್ಣು-ಗುಪ್ತಾಂಗಗಳಲ್ಲಿ ಹುಣ್ಣು, ಚರ್ಮ ಮುಟ್ಟಿದರೆ ನೋವು, ಸಿಪ್ಪೆಯಂತೆ ಏಳುವುದು ಇದ್ದರೆ ಅದೇ ಗಂಟೆಯಲ್ಲಿ ಹೊರಡಿ.

ಕಿಡ್ನಿ ಮಾತ್ರ ಸದ್ದು ಮಾಡುವುದಿಲ್ಲ, ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದಾಗಲೇ ತಿಳಿಯುವುದು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸ್ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿರುವವರಲ್ಲಿ ಈ ತೊಂದರೆ ಹೆಚ್ಚು ಕಂಡುಬಂದಿದೆ. ನಮ್ಮಲ್ಲಿ ಆ ಮಾತ್ರೆಯನ್ನು ಬೆಳಗಿನ ಕಾಫಿಯಂತೆ ವರ್ಷಗಟ್ಟಲೆ ನುಂಗುವವರಿದ್ದಾರೆ. ನಿಮಗೆ ನಿಜವಾಗಿ ಬೇಕೇ ಎಂದು ಕೇಳಿ ನೋಡಿ. ನೋವಿನ ಮಾತ್ರೆಗಳ ವಿಷಯದಲ್ಲೂ ಹಾಗೆಯೇ.

ಔಷಧಿ ನಿಲ್ಲಿಸಿ ಆರು ತಿಂಗಳಾಯಿತು. ಇನ್ನು ಭಯವಿಲ್ಲ ತಾನೇ?

ಕಡಿಮೆ, ಆದರೆ ಇಲ್ಲವೆಂದಲ್ಲ. ಪೆಂಬ್ರೊಲಿಜುಮ್ಯಾಬ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಮೂರು ವಾರ ಬೇಕು, ಮತ್ತು ಎಚ್ಚೆತ್ತ ಟಿ ಕೋಶಗಳು ಔಷಧಿ ಹೋದ ಮೇಲೂ ಉಳಿಯುತ್ತವೆ. ಕೊನೆಯ ಡ್ರಿಪ್ ಆಗಿ ತಿಂಗಳುಗಳು ಕಳೆದ ಮೇಲೆ, ಕೆಲವೊಮ್ಮೆ ವರ್ಷದ ನಂತರವೂ ತೊಂದರೆ ಕಾಣಿಸಿಕೊಂಡದ್ದಿದೆ. ‘ಈಗ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ’ ಎಂದು ಕೇಳಿದರೆ ‘ಯಾವುದೂ ಇಲ್ಲ’ ಎನ್ನಬೇಡಿ. ‘ಮೊದಲು ತೆಗೆದುಕೊಂಡಿದ್ದೆ’ ಎಂದು ಹೇಳಿ.

ಸ್ಟೆರಾಯ್ಡ್ ಎಂದರೆ ಹೆದರಿಕೆ. ಸ್ವಲ್ಪ ಗುಣವಾದ ಮೇಲೆ ನಿಲ್ಲಿಸಬಹುದೇ?

ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ಸಾಮಾನ್ಯವಾಗಿ ದೇಹದ ತೂಕದ ಪ್ರತಿ ಕಿಲೋಗೆ 1ರಿಂದ 2 ಮಿಲಿಗ್ರಾಂ ಲೆಕ್ಕದಲ್ಲಿ ಶುರುಮಾಡಿ, ನಾಲ್ಕರಿಂದ ಆರು ವಾರ ಅಥವಾ ಇನ್ನೂ ಹೆಚ್ಚು ಕಾಲ ಮೆಲ್ಲಗೆ ಇಳಿಸುತ್ತಾರೆ. ಒಮ್ಮೆಗೇ ಬಿಟ್ಟರೆ ಉರಿಯೂತ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು, ದೇಹದ ಸ್ವಂತ ಕಾರ್ಟಿಸೋಲ್ ಎಚ್ಚೆತ್ತಿರುವುದಿಲ್ಲವಾದ್ದರಿಂದ ಕುಸಿದೂ ಬೀಳಬಹುದು. ಮುಖ ಊದುವುದು, ನಿದ್ದೆ ಬಾರದಿರುವುದು, ಸಿಡುಕು, ಸಕ್ಕರೆ ಏರುವುದು ನಿಜ. ಬೆಳಿಗ್ಗೆ ತಿಂಡಿಯ ನಂತರ ನುಂಗಿದರೆ ನಿದ್ದೆಗೆ ಸ್ವಲ್ಪ ಅನುಕೂಲ.

ಹೆಚ್ಚಿನ ಪ್ರಮಾಣ ಒಂದು ತಿಂಗಳು ಮೀರುವಂತಿದ್ದರೆ ಶ್ವಾಸಕೋಶದ ಒಂದು ಬಗೆಯ ಸೋಂಕನ್ನು ತಡೆಯಲು ಕೋಟ್ರೈಮಾಕ್ಸಜೋಲ್ ಕೊಡುತ್ತಾರೆ. ಹೆಪಟೈಟಿಸ್ ಬಿ, ಟಿಬಿ ಇವೆಯೇ ಎಂದೂ ನೋಡುತ್ತಾರೆ. ಬರಿಗಾಲಲ್ಲಿ ಗದ್ದೆ-ತೋಟದ ಕೆಲಸ ಮಾಡಿದವರ ಕರುಳಿನಲ್ಲಿ ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳು ವರ್ಷಗಟ್ಟಲೆ ಸುಮ್ಮನಿರಬಹುದು. ಸ್ಟೆರಾಯ್ಡ್ ಬಿದ್ದಾಗ ಅದು ಮೈಯೆಲ್ಲ ಹರಡುವ ಅಪಾಯವಿದೆ. ಕೃಷಿಕರ ಮನೆಯವರಾದರೆ ಅದನ್ನು ಹೇಳಿ, ಮೊದಲೇ ಹುಳುವಿನ ಮಾತ್ರೆ ಕೊಡಬಹುದು.

ಸ್ಟೆರಾಯ್ಡ್ ಕೊಟ್ಟರೆ ಕ್ಯಾನ್ಸರ್ ಔಷಧಿಯ ಫಲ ಹಾಳಾಗುತ್ತದೆಯೇ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಅಡ್ಡಪರಿಣಾಮ ತಣಿಸಲು ಕೊಟ್ಟ ಸ್ಟೆರಾಯ್ಡಿನಿಂದ ಒಟ್ಟಾರೆ ಫಲ ಕುಗ್ಗುವಂತೆ ಕಂಡುಬಂದಿಲ್ಲ. ಹೃದಯ ಉರಿಯುತ್ತಿರುವಾಗ ಆ ಲೆಕ್ಕ ಹಾಕುತ್ತ ಕೂರುವುದೂ ಬೇಡ.

ಕಡಿಮೆ ಪ್ರಮಾಣದ ನಿವೊಲುಮ್ಯಾಬ್ ಕೊಡುತ್ತಾರಂತೆ. ಅದರಲ್ಲಿ ಈ ತೊಂದರೆಗಳಿಲ್ಲವೇ?

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ತಲೆ ಮತ್ತು ಕತ್ತಿನ ಮುಂದುವರಿದ ಕ್ಯಾನ್ಸರ್ ಇರುವವರಿಗೆ ಬಾಯಿಯಿಂದ ತೆಗೆದುಕೊಳ್ಳುವ ಮೂರು ಔಷಧಿಗಳ ಜೊತೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟು ನೋಡಿದರು. ಒಂದು ವರ್ಷ ಬದುಕಿದವರು ಶೇ 16.3ರಿಂದ ಶೇ 43.4ಕ್ಕೆ ಏರಿದರು. ಪೂರ್ತಿ ಪ್ರಮಾಣದ ಖರ್ಚು ಭರಿಸಲಾಗದ ನಮ್ಮಂಥ ದೇಶಕ್ಕೆ ಇದು ದೊಡ್ಡ ಮಾತು. ಆದರೆ ಪಿಡಿ-1 ಔಷಧಿಗಳಲ್ಲಿ ಪ್ರಮಾಣ ತಗ್ಗಿದರೆ ಅಡ್ಡಪರಿಣಾಮವೂ ಅದೇ ಲೆಕ್ಕದಲ್ಲಿ ತಗ್ಗುತ್ತದೆ ಎಂದು ಹೇಳಲಾಗದು. ಇಪಿಲಿಮುಮ್ಯಾಬ್ ವಿಷಯದಲ್ಲಿ ಆ ನಂಟು ಸ್ಪಷ್ಟವಾಗಿದೆ, ಇಲ್ಲಿ ಅಷ್ಟಿಲ್ಲ. 20 ಮಿಲಿಗ್ರಾಂ ಪಡೆದವರೂ ಇಲ್ಲಿನ ಎಲ್ಲ ಲಕ್ಷಣಗಳನ್ನೂ ನೆನಪಿಟ್ಟುಕೊಳ್ಳಬೇಕು.

ಇಮ್ಯುನಿಟಿ ಹೆಚ್ಚಿಸುವ ಕಷಾಯ ಜೊತೆಗೆ ಕುಡಿದರೆ ಒಳ್ಳೆಯದಲ್ಲವೇ?

ಹೆಸರಿನಲ್ಲಿ ‘ಇಮ್ಯುನೊ’ ಇರುವುದರಿಂದ ಹುಟ್ಟಿದ ಗೊಂದಲ ಇದು. ಕೊಡುವವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಮೂಗುದಾರ ಬಿಚ್ಚಿದ ಎತ್ತನ್ನು ಇನ್ನಷ್ಟು ಕೆಣಕುವುದು ಬೇಡ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಯಕೃತ್ತಿನ ಉರಿಯೂತವಾದುದನ್ನು ಭಾರತದ ವೈದ್ಯರೇ ವರದಿ ಮಾಡಿದರು, ಅದೂ ದೇಹ ತನ್ನ ಮೇಲೆ ತಾನೇ ತಿರುಗಿಬಿದ್ದ ಬಗೆಯದು. ಇಮ್ಯುನೊಥೆರಪಿಯೂ ಯಕೃತ್ತಿಗೆ ಹಾಗೆಯೇ ಮಾಡಬಲ್ಲದು. ಎರಡನ್ನೂ ತೆಗೆದುಕೊಂಡರೆ ಲಿವರ್ ಪರೀಕ್ಷೆ ಏರಿದಾಗ ಯಾವುದನ್ನು ದೂರುವುದು? ಜೀವ ಉಳಿಸುತ್ತಿರುವ ಔಷಧಿಯನ್ನೇ ನಿಲ್ಲಿಸಬೇಕಾಗಿ ಬರಬಹುದು. ಕಣ್ಣು ಹಳದಿಯಾದರೆ ಕಾಮಾಲೆಯ ನಾಟಿ ಔಷಧಿಗೆ ಹೋಗುವ ವಾಡಿಕೆ ನಮ್ಮಲ್ಲಿ ಬಲವಾಗಿದೆ. ಈ ರೋಗಿಗಳ ವಿಷಯದಲ್ಲಿ ಅದು ಬೇಡವೇ ಬೇಡ.

ಅಡ್ಡಪರಿಣಾಮ ಬಂದರೆ ಔಷಧಿ ಕೆಲಸ ಮಾಡುತ್ತಿದೆ ಎಂದರ್ಥವೇ?

ಕೆಲವು ಅಧ್ಯಯನಗಳಲ್ಲಿ, ವಿಶೇಷವಾಗಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ರೋಗಿಗಳಿಗೆ ಚರ್ಮದ ಮೇಲೆ ಬಿಳಿ ಮಚ್ಚೆ ಮೂಡಿದಾಗ, ಅಂಥ ನಂಟು ಕಂಡಿದೆ. ಅಡ್ಡಪರಿಣಾಮವೇ ಇಲ್ಲದೆ ಚೆನ್ನಾಗಿ ಗುಣವಾದವರೂ ಬೇಕಾದಷ್ಟಿದ್ದಾರೆ. ಒಳ್ಳೆಯ ಸೂಚನೆ ಎಂದುಕೊಂಡು ನೋವನ್ನು ಸಹಿಸುತ್ತ ಮನೆಯಲ್ಲಿ ಕೂರಬೇಡಿ.

ಗುಣವಾದ ಮೇಲೆ ಮತ್ತೆ ಶುರುಮಾಡುತ್ತಾರೆಯೇ?

ಯಾವ ಅಂಗ, ಎಷ್ಟು ತೀವ್ರ ಎಂಬುದರ ಮೇಲೆ ಹೋಗುತ್ತದೆ. ಥೈರಾಯ್ಡ್, ಪಿಟ್ಯುಟರಿ, ಸಕ್ಕರೆಯ ತೊಂದರೆಯಾದರೆ ಹಾರ್ಮೋನು ಕೊಟ್ಟು ಮುಂದುವರಿಸಬಹುದು. ಮಯೋಕಾರ್ಡೈಟಿಸ್, ತೀವ್ರ ನರದ ತೊಂದರೆಗಳಲ್ಲಿ ಸಾಮಾನ್ಯವಾಗಿ ಶಾಶ್ವತವಾಗಿ ನಿಲ್ಲಿಸುತ್ತಾರೆ. ಮತ್ತೆ ಶುರುಮಾಡಿದ ರೋಗಿಗಳ ದೊಡ್ಡ ದಾಖಲೆಯೊಂದರಲ್ಲಿ ಸುಮಾರು ಶೇ 29 ಮಂದಿಗೆ ಅದೇ ತೊಂದರೆ ಮರುಕಳಿಸಿತು. ‘ಇಷ್ಟು ಹಣ ಹಾಕಿದ್ದೇವೆ, ಇನ್ನೆರಡು ಸೈಕಲ್ ಹಾಕಿಬಿಡಿ’ ಎಂದು ಒತ್ತಾಯಿಸುವವರಿದ್ದಾರೆ. ನಿಲ್ಲಿಸಿದ ಮೇಲೂ ಔಷಧಿಯ ಫಲ ಬಹುಕಾಲ ಉಳಿದ ರೋಗಿಗಳಿದ್ದಾರೆ ಎಂಬುದನ್ನು ಅವರಿಗೆ ಹೇಳುತ್ತೇನೆ.

ನನಗೆ ಮೊದಲೇ ಸಂಧಿವಾತ, ಸೋರಿಯಾಸಿಸ್ ಇದೆ. ಪಡೆಯಬಹುದೇ?

ಹಲವರು ಪಡೆದಿದ್ದಾರೆ. ಹಳೆಯ ಕಾಯಿಲೆ ಕೆರಳುವ ಸಾಧ್ಯತೆ ಹೆಚ್ಚು, ಆದರೆ ಹೆಚ್ಚಿನ ಸಲ ಹತೋಟಿಗೆ ಬರುತ್ತದೆ. ಮೊದಲೇ ಮಯಸ್ತೇನಿಯಾ ಇದ್ದವರು ಅಥವಾ ಕಿಡ್ನಿ ಕಸಿ ಮಾಡಿಸಿಕೊಂಡವರು ತುಂಬ ಯೋಚಿಸಬೇಕು. ಕಸಿ ಅಂಗವನ್ನೇ ದೇಹ ತಿರಸ್ಕರಿಸಬಹುದು. ಯಾವ ಹಳೆಯ ಕಾಯಿಲೆಯನ್ನೂ ಮುಚ್ಚಿಡಬೇಡಿ.

ಕಾರ್-ಟಿ ಚಿಕಿತ್ಸೆಯೂ ಇದೇ ತಾನೇ?

ಅದೂ ಇಮ್ಯುನೊಥೆರಪಿಯೇ, ಆದರೆ ಬೇರೆ ದಾರಿ. ರೋಗಿಯ ಟಿ ಕೋಶಗಳನ್ನು ಹೊರಗೆ ತೆಗೆದು ಬದಲಿಸಿ ಮರಳಿ ಕೊಡುತ್ತಾರೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಗೆ 2023ರಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿನ ಮುಖ್ಯ ಅಪಾಯ ಮೊದಲ ದಿನ-ವಾರಗಳಲ್ಲಿ ಬರುವ ತೀವ್ರ ಜ್ವರ, ರಕ್ತದೊತ್ತಡ ಕುಸಿತ ಮತ್ತು ಗೊಂದಲ. ಆಗ ರೋಗಿ ಆಸ್ಪತ್ರೆಯ ಕಣ್ಣಳತೆಯಲ್ಲೇ ಇರುತ್ತಾರೆ.

ಕೊನೆಗೆ, ಜೊತೆಯಲ್ಲಿ ಏನು ಇಟ್ಟುಕೊಳ್ಳಬೇಕು?

ಒಂದು ಚೀಟಿ. ನಿಮ್ಮ ಆಸ್ಪತ್ರೆ ಮುದ್ರಿಸಿ ಕೊಟ್ಟರೆ ಸರಿ, ಇಲ್ಲದಿದ್ದರೆ ದಪ್ಪ ಕಾಗದದ ಮೇಲೆ ನೀವೇ ಬರೆಸಿಕೊಳ್ಳಿ. ‘ನಾನು ಇಮ್ಯುನೊಥೆರಪಿ ಪಡೆದಿದ್ದೇನೆ, ಇದು ಕೀಮೋ ಅಲ್ಲ’ ಎಂಬುದು ಮೊದಲ ಸಾಲು. ಔಷಧಿಯ ಹೆಸರು, ಮೊದಲ ಮತ್ತು ಕೊನೆಯ ಡ್ರಿಪ್‌ನ ದಿನಾಂಕ, ಕ್ಯಾನ್ಸರ್ ಯಾವುದು, ನೋಡುತ್ತಿರುವ ವೈದ್ಯರ ಹೆಸರು, ರಾತ್ರಿಯೂ ಎತ್ತುವ ಫೋನ್ ಸಂಖ್ಯೆ. ಕೆಳಗೆ ಇನ್ನೊಂದು ಸಾಲು: ‘ಹೊಸ ತೊಂದರೆ ಏನೇ ಇದ್ದರೂ ರೋಗನಿರೋಧಕ ವ್ಯವಸ್ಥೆಯ ದಾಳಿ ಇರಬಹುದು, ದಯವಿಟ್ಟು ಈ ಸಂಖ್ಯೆಗೆ ಕರೆ ಮಾಡಿ.’ ಇದನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆಸಿ. ಫೋಟೊ ತೆಗೆದು ಮನೆಯ ಎಲ್ಲರ ಮೊಬೈಲಿಗೆ ಕಳಿಸಿ.

ಫೈಲಿನೊಳಗೆ ಹಾಕಬೇಡಿ, ಫೈಲು ಮನೆಯಲ್ಲಿ ಉಳಿಯುತ್ತದೆ. ನಮ್ಮ ವಾರ್ಡಿಗೆ ಬರುವ ಒಬ್ಬ ಅಜ್ಜಿ ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ, ಕಾರ್ಡಿನ ಹಿಂದೆ ಇಟ್ಟುಕೊಂಡಿದ್ದಾರೆ. ಬಸ್ಸಿನಲ್ಲಿ ಉಚಿತ ಟಿಕೆಟಿಗೆ ತೋರಿಸಬೇಕಲ್ಲ, ಅದನ್ನು ಬಿಟ್ಟು ಅವರು ಎಲ್ಲಿಗೂ ಹೋಗುವುದಿಲ್ಲ.